ವರದಿಯಲ್ಲಿ ಯಾವುದು ಮುಖ್ಯ? ಮಲೆನಾಡಿನ ಉದ್ದಿಮೆಗಳು ಮತ್ತು ಸಹಕಾರ ಸಂಘಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಮಾಚೇನಹಳ್ಳಿಯ ಫೌಂಡ್ರಿ ಮಾಲೀಕರು, ಅಡಿಕೆ ಸಹಕಾರ ಸಂಘಗಳ ನಿರ್ದೇಶಕರು, ಕಂಪನಿಗಳ ಲೆಕ್ಕಪತ್ರ ವಿಭಾಗಕ್ಕೆ ಹೊಸದಾಗಿ ಸೇರಿದ ಬಿ.ಕಾಂ. ಪದವೀಧರರು, ಹೀಗೆ ಬೇರೆ ಬೇರೆ ಕಡೆಯವರು ಕೇಳುವ ಪ್ರಶ್ನೆಗಳು ಕೊನೆಗೆ ಒಂದೇ ಕಡೆ ಬಂದು ಸೇರುತ್ತವೆ: ನೂರು ಸಂಗತಿಗಳಿರುವಾಗ ವರದಿಯಲ್ಲಿ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬಹುದು? ಲೆಕ್ಕಪರಿಶೋಧಕರು ಮಟೀರಿಯಾಲಿಟಿ ಎನ್ನುವುದನ್ನು ಇಲ್ಲಿ ‘ಮಹತ್ವ’ ಎಂದು ಬರೆದಿದ್ದೇನೆ.

ಹಣಕಾಸು ವರದಿಯಲ್ಲಿ ಒಂದು ಸಂಗತಿ ಮಹತ್ವದ್ದು ಎಂದು ಹೇಳುವುದು ಯಾವಾಗ?

ಅದನ್ನು ಬಿಟ್ಟರೆ, ತಪ್ಪಾಗಿ ಬರೆದರೆ ಅಥವಾ ಮರೆಮಾಚಿದರೆ ವರದಿಯನ್ನು ನಂಬಿ ಹಣ ಹೂಡುವವರ, ಸಾಲ ಕೊಡುವವರ ತೀರ್ಮಾನ ಬದಲಾಗಬಹುದು ಎನ್ನುವಂತಿದ್ದರೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವೂ ಅದನ್ನು ಅನುಸರಿಸುವ ನಮ್ಮ ಭಾರತೀಯ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 1 ಕೂಡ ಹೇಳುವುದು ಇದನ್ನೇ. ಇಲ್ಲಿ ಗಮನಿಸಬೇಕಾದದ್ದು, ತೀರ್ಮಾನ ಬದಲಾಗುವುದು ಓದುವವರದು. ಬರೆಯುವ ಕಂಪನಿಗೆ ಯಾವುದು ಹೆಮ್ಮೆಯ ವಿಷಯ, ಯಾವುದು ಮುಜುಗರದ ವಿಷಯ ಎಂಬುದಕ್ಕೆ ಈ ವ್ಯಾಖ್ಯೆಯಲ್ಲಿ ಜಾಗವೇ ಇಲ್ಲ. ಬಹಳಷ್ಟು ವರದಿಗಳು ದಾರಿ ತಪ್ಪುವುದು ಇಲ್ಲಿಯೇ. ನಿರ್ದೇಶಕರ ಕೋಣೆಯಲ್ಲಿ ಕುಳಿತು ‘ನಮಗೆ ಯಾವುದು ಮುಖ್ಯ’ ಎಂದು ಕೇಳಿಕೊಳ್ಳುತ್ತಾರೆ. ‘ಓದುವವರಿಗೆ ಯಾವುದು ಮುಖ್ಯ’ ಎಂದು ಕೇಳಿಕೊಳ್ಳುವುದಿಲ್ಲ.

ಒಂದು ನಿರ್ದಿಷ್ಟ ಶೇಕಡಾವಾರು ಲೆಕ್ಕ ಇಲ್ಲವೇ?

ಆರಂಭಕ್ಕೆ ಇದೆ. ಲೆಕ್ಕಪರಿಶೋಧನೆಯ ಮಾನದಂಡ ಎಸ್‌ಎ 320, ಲಾಭಕ್ಕಾಗಿ ನಡೆಯುವ ಉತ್ಪಾದನಾ ಘಟಕಕ್ಕೆ ತೆರಿಗೆ ಪೂರ್ವ ಲಾಭದ ಶೇ 5ರಷ್ಟನ್ನು ಉದಾಹರಣೆಯಾಗಿ ಕೊಡುತ್ತದೆ. ತೆರಿಗೆ ಪೂರ್ವ ಲಾಭ ₹2 ಕೋಟಿ ಇರುವ ಕಾರ್ಖಾನೆಗೆ ಅದು ₹10 ಲಕ್ಷ. 2013ರ ಕಂಪನಿ ಕಾಯ್ದೆಯ ಮೂರನೆಯ ಪರಿಶಿಷ್ಟದ ಅಳತೆ ಬೇರೆ. ಇಂಡ್ ಎಎಸ್ ಅನ್ವಯಿಸದ ಕಂಪನಿಯಲ್ಲಿ ಯಾವುದೇ ಆದಾಯ ಅಥವಾ ಖರ್ಚಿನ ಬಾಬ್ತು, ವಹಿವಾಟಿನ ಆದಾಯದ ಶೇ 1 ಅಥವಾ ₹1 ಲಕ್ಷ ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಅದನ್ನು ಪ್ರತ್ಯೇಕವಾಗಿ ತೋರಿಸಬೇಕು. ಇಂಡ್ ಎಎಸ್ ಕಂಪನಿಗಳಿಗೆ ಆ ಒಂದು ಲಕ್ಷದ ಜಾಗದಲ್ಲಿ ₹10 ಲಕ್ಷ ಇದೆ. ಷೇರುಪೇಟೆಯಲ್ಲಿರುವ ಕಂಪನಿಗಳು ಮಹತ್ವದ ಘಟನೆಗಳನ್ನು ತಕ್ಷಣ ತಿಳಿಸಲು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 30ನೇ ನಿಯಮದಲ್ಲಿ ಮತ್ತೊಂದು ಅಳತೆ ಇದೆ: ವಹಿವಾಟಿನ ಶೇ 2, ನಿವ್ವಳ ಸಂಪತ್ತಿನ ಶೇ 2, ಹಿಂದಿನ 3 ವರ್ಷಗಳ ಲಾಭ ಅಥವಾ ನಷ್ಟದ ಸರಾಸರಿಯ ಶೇ 5, ಈ ಮೂರರಲ್ಲಿ ಯಾವುದು ಕಡಿಮೆಯೋ ಅದು.

ಈ ಅಳತೆಗಳೆಲ್ಲ ಬೇರೆ ಬೇರೆ ಕೆಲಸಕ್ಕೆ ಹುಟ್ಟಿದವು. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬೇಡಿ.

ಹಾಗಾದರೆ ₹10 ಲಕ್ಷದೊಳಗಿನದನ್ನು ಬಿಟ್ಟುಬಿಡಬಹುದೇ?

ಬಿಡಬಾರದು. ಮೇಲಿನ ಕಾರ್ಖಾನೆಯಲ್ಲಿಯೇ ನಿರ್ದೇಶಕರೊಬ್ಬರ ತಮ್ಮನ ಲಾರಿಗಳಿಗೆ ಮಾರುಕಟ್ಟೆ ದರಕ್ಕಿಂತ ₹3 ಲಕ್ಷ ಹೆಚ್ಚು ಬಾಡಿಗೆ ಹೋಗಿದೆ ಎಂದಿಟ್ಟುಕೊಳ್ಳಿ. ಮೊತ್ತ ಚಿಕ್ಕದು. ಆದರೆ ಸಾಲ ಕೊಟ್ಟ ಬ್ಯಾಂಕಿನ ವ್ಯವಸ್ಥಾಪಕರಿಗೆ ಅದು ತಿಳಿದರೆ ಮುಂದಿನ ಸಾಲದ ಕಡತವನ್ನು ಅವರು ಬೇರೆ ಕಣ್ಣಿನಿಂದಲೇ ನೋಡುತ್ತಾರೆ. ನಷ್ಟವನ್ನು ಲಾಭವಾಗಿ ತೋರಿಸುವ ₹1 ಲಕ್ಷ, ಸಾಲದ ಷರತ್ತು ಮುರಿದದ್ದನ್ನು ಮುಚ್ಚುವ ₹2 ಲಕ್ಷ, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸಿಗೆ ಕಟ್ಟಿದ ₹50 ಸಾವಿರ ದಂಡ, ಇವೆಲ್ಲ ಸ್ವಭಾವದಿಂದಲೇ ಮಹತ್ವ ಪಡೆಯುವಂಥವು. ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ 1999ರಲ್ಲಿಯೇ ಇದನ್ನು ಸ್ಪಷ್ಟಪಡಿಸಿತು: ಶೇ 5ಕ್ಕಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ತಪ್ಪನ್ನು ಅಲಕ್ಷಿಸುವಂತಿಲ್ಲ. ಸಂಖ್ಯೆ ಮೊದಲ ಜರಡಿ ಮಾತ್ರ. ಅದರಲ್ಲಿ ಕೆಳಗೆ ಬಿದ್ದದ್ದನ್ನು ಇನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಗೊಂದಲವೇ ಬೇಡ ಎಂದು ಎಲ್ಲವನ್ನೂ ಬರೆದುಬಿಟ್ಟರೆ?

ಅದು ಕೂಡ ತಪ್ಪು ಎಂದು 2018ರಲ್ಲಿ ಅಂತರರಾಷ್ಟ್ರೀಯ ಮಾನದಂಡಕ್ಕೆ ತಂದ ತಿದ್ದುಪಡಿ ಹೇಳುತ್ತದೆ. ಮಹತ್ವದ ಮಾಹಿತಿಯನ್ನು ಬೇಡದ ಮಾಹಿತಿಯ ನಡುವೆ ಹುದುಗಿಸುವುದು, ಅದನ್ನು ಬಿಟ್ಟದ್ದಕ್ಕೆ ಸಮ. ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತಂದರೆ ಖರೀದಿದಾರ ದರ ಕಟ್ಟುವುದಾದರೂ ಹೇಗೆ? ಮುನ್ನೂರು ಪುಟದ ವರದಿಯ ಓದುಗನದೂ ಅದೇ ಪಾಡು. ಎಲ್‌ಇಡಿ ಬಲ್ಬು ಹಾಕಿಸಿದ್ದು, ಕಚೇರಿಯಲ್ಲಿ ಕಾಗದ ಉಳಿಸಿದ್ದು, ಪರಿಸರ ದಿನಕ್ಕೆ ಸಸಿ ನೆಟ್ಟದ್ದು ಪುಟಗಟ್ಟಲೆ ಇದ್ದು, ಕಾರ್ಖಾನೆಯ ಹಿಂದಿನ ಹಳ್ಳಕ್ಕೆ ಹೋಗುವ ನೀರಿನ ವಿಷಯ ಅನುಬಂಧದ ಒಂದು ಸಾಲಿನಲ್ಲಿದ್ದರೆ, ಆ ವರದಿ ನಿಜ ಹೇಳಿಲ್ಲ ಎಂದೇ ನನ್ನ ಅಭಿಪ್ರಾಯ.

ಪರಿಸರ, ಕಾರ್ಮಿಕರು, ಸಮಾಜದ ಕುರಿತ ಸುಸ್ಥಿರತೆ ವರದಿಯಲ್ಲಿಯೂ ಓದುಗ ಹೂಡಿಕೆದಾರನೇ?

ಇದೇ ದೊಡ್ಡ ಭಿನ್ನಾಭಿಪ್ರಾಯದ ಜಾಗ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಘೋಷಣೆಯಾದ ಐಎಸ್‌ಎಸ್‌ಬಿ ಎಂಬ ಅಂತರರಾಷ್ಟ್ರೀಯ ಸುಸ್ಥಿರತಾ ಮಾನದಂಡ ಮಂಡಳಿ 2023ರ ಜೂನ್‌ನಲ್ಲಿ ಎಸ್1, ಎಸ್2 ಎಂಬ ಎರಡು ಮಾನದಂಡಗಳನ್ನು ಹೊರತಂದಿತು. ಅವುಗಳಲ್ಲಿ ಓದುಗ ಹೂಡಿಕೆದಾರ ಮತ್ತು ಸಾಲ ಕೊಡುವವನು. ಮಳೆ, ಬರ, ಕಾರ್ಮಿಕರ ಕೊರತೆ ಕಂಪನಿಯ ಹಣದ ಹರಿವಿಗೆ ಏನು ಮಾಡುತ್ತವೆ ಎಂಬುದು ಅಲ್ಲಿನ ಪ್ರಶ್ನೆ. 1997ರಲ್ಲಿ ಆರಂಭವಾದ, ಸುಸ್ಥಿರತೆ ವರದಿಗೆ ಮಾನದಂಡ ರೂಪಿಸುವ ಜಿಆರ್‌ಐ ಎಂಬ ಸಂಸ್ಥೆ ಕೇಳುವುದು ಎದುರು ದಿಕ್ಕಿನಿಂದ: ಕಂಪನಿ ನದಿಗೆ, ಕಾಡಿಗೆ, ಕೂಲಿಯವರಿಗೆ, ಊರಿಗೆ ಏನು ಮಾಡುತ್ತಿದೆ? ಯುರೋಪಿನ ಒಕ್ಕೂಟ 2022ರ ನಿರ್ದೇಶನದಲ್ಲಿ ಎರಡನ್ನೂ ಕೂಡಿಸಿತು. ಯಾವ ದಿಕ್ಕಿನಿಂದ ಮಹತ್ವದ್ದಾದರೂ ಬರೆಯಲೇಬೇಕು ಎಂದಿತು. ಇದನ್ನು ಇಮ್ಮುಖ ಮಹತ್ವ ಎನ್ನೋಣ. 2025ರಲ್ಲಿ ಆ ನಿರ್ದೇಶನದ ವ್ಯಾಪ್ತಿಯನ್ನು ಕುಗ್ಗಿಸಲು ಅಲ್ಲಿ ಹೊರಟರಾದರೂ ಇಮ್ಮುಖ ತತ್ವವನ್ನು ಕೈಬಿಡಲಿಲ್ಲ.

ನಮ್ಮಲ್ಲಿ ಸೆಬಿಯ ಬಿಆರ್‌ಎಸ್‌ಆರ್, ಅಂದರೆ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ, ಇದೆ. 2021ರ ಮೇ ತಿಂಗಳಲ್ಲಿ ಬಂದ ಇದು, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳಿಗೆ 2022–23ರಿಂದ ಕಡ್ಡಾಯ. ಅದರ ಮೊದಲ ಭಾಗದಲ್ಲಿಯೇ ಒಂದು ಕೋಷ್ಟಕವಿದೆ: ಮಹತ್ವದ ವಿಷಯ ಯಾವುದು, ಅದು ಅಪಾಯವೋ ಅವಕಾಶವೋ, ಏಕೆ, ಅಪಾಯವಾದರೆ ಏನು ಮಾಡುತ್ತೀರಿ, ಹಣಕಾಸಿನ ಪರಿಣಾಮ ಏನು? ಹಲವರು ಇದನ್ನು ಕೊನೆಗೆ ತುಂಬುತ್ತಾರೆ. ಮೊದಲು ತುಂಬಬೇಕಾದದ್ದು ಅದೇ; ಉಳಿದ ಪುಟಗಳ ಆಯ್ಕೆ ಅದರ ಮೇಲೆ ನಿಂತಿದೆ.

ಈ ಎರಡು ದಿಕ್ಕುಗಳು ನಿಜವಾಗಿಯೂ ಬೇರೆ ಬೇರೆಯೇ?

ಕುದುರೆಮುಖದ ಕಥೆಯನ್ನು ನೋಡಿ. 1976ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಕಂಪನಿ, ಭದ್ರೆ ಹುಟ್ಟುವ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ತೆಗೆದು ಕೊಳವೆ ಮಾರ್ಗದಲ್ಲಿ ಮಂಗಳೂರಿಗೆ ಕಳುಹಿಸುತ್ತಿತ್ತು. ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುವ ಜಾಗದಲ್ಲಿ ಗುಡ್ಡ ಕಡಿದರೆ ಹೂಳು ನದಿಗಿಳಿಯುತ್ತದೆ ಎಂಬುದು ಕೆಳಗಿನವರ ದೂರು. ಆ ದಿನಗಳಲ್ಲಿ ಕಂಪನಿಯ ಲೆಕ್ಕದ ಮಟ್ಟಿಗೆ ನದಿಯ ಹೂಳು ಖರ್ಚಲ್ಲ, ಹೊಣೆಯೂ ಅಲ್ಲ. ಅದಿರಿನ ದರ, ಹಡಗಿನ ಬಾಡಿಗೆ ಮಾತ್ರ ಮುಖ್ಯ. ಹೂಡಿಕೆದಾರನ ಕಡೆಯಿಂದ ಮಾತ್ರ ನೋಡುವವರು ಅದನ್ನು ಪಟ್ಟಿಯಿಂದ ಹೊರಗಿಡುತ್ತಿದ್ದರು. ಜನರ ಹೋರಾಟ ಬೆಳೆಯಿತು, ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2002ರಲ್ಲಿ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಆಮೇಲೆ ಕಂಪನಿ ಮಂಗಳೂರಿನ ಘಟಕಕ್ಕೆ ಬೇರೆಡೆಯಿಂದ ಅದಿರು ತರಿಸಿಕೊಳ್ಳಬೇಕಾಯಿತು.

ನದಿಗೂ ಕಾಡಿಗೂ ಆದದ್ದು ಕೆಲವು ವರ್ಷ ತಡವಾಗಿ ಲಾಭ-ನಷ್ಟದ ಪಟ್ಟಿಗೆ ಬಂತು, ಬಂದಾಗ ಗಣಿಯನ್ನೇ ಕೊಂಡೊಯ್ದಿತು. ಊರಿನ ಮೇಲಿನ ಪರಿಣಾಮವನ್ನು ಇಂದು ಗಂಭೀರವಾಗಿ ತೆಗೆದುಕೊಳ್ಳುವ ಕಂಪನಿ, ನಾಳಿನ ಹಣಕಾಸಿನ ಅಪಾಯವನ್ನು ಇಂದೇ ಕಾಣುತ್ತದೆ. ಹೂಡಿಕೆದಾರರಿಗಷ್ಟೇ ಬರೆಯುತ್ತೇನೆ ಎನ್ನುವವರೂ ಎರಡೂ ದಿಕ್ಕಿನಿಂದ ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಎಲ್ಲ ಪರಿಣಾಮವೂ ಹೀಗೆ ಲೆಕ್ಕಕ್ಕೆ ಮರಳುವುದಿಲ್ಲ ಎಂಬುದನ್ನೂ ಹೇಳಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯ ಬೆಳಕು ರಾಜ್ಯಕ್ಕೆಲ್ಲ ಹೋಯಿತು; ಮುಳುಗಡೆಯಾದ ಊರುಗಳವರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕದ ನಂತರವೂ ಜಿಲ್ಲೆಯಲ್ಲಿ ಜೀವಂತವಾಗಿದೆ. ಯಾವ ಲೆಕ್ಕಪತ್ರಕ್ಕೂ ಬಾರದಿದ್ದರೂ ಅದು ಮಹತ್ವದ್ದೇ.

ನಮ್ಮದು ಸಣ್ಣ ಫೌಂಡ್ರಿ, ಷೇರುಪೇಟೆಯಲ್ಲಿಲ್ಲ. ನಮ್ಮಿಂದ ಕ್ಯಾಸ್ಟಿಂಗ್ ಕೊಳ್ಳುವ ಕಂಪನಿ ಉದ್ದದ ಪ್ರಶ್ನಾವಳಿ ಕಳುಹಿಸಿದೆ. ನಮಗೇಕೆ?

ಅವರ ಪೂರೈಕೆದಾರರು ಏನು ಮಾಡುತ್ತಾರೆ ಎಂಬುದೂ ಅವರ ವರದಿಯ ಭಾಗವಾಗುತ್ತಿರುವುದರಿಂದ. ಸೆಬಿಯ ಚೌಕಟ್ಟಿನಲ್ಲಿ, ದೊಡ್ಡ ಕಂಪನಿಯ ಖರೀದಿ ಅಥವಾ ಮಾರಾಟದ ಮೌಲ್ಯದಲ್ಲಿ ಶೇ 2 ಅಥವಾ ಹೆಚ್ಚು ಪಾಲಿರುವವರು ಮೌಲ್ಯ ಸರಪಳಿಯ ಲೆಕ್ಕಕ್ಕೆ ಬರುತ್ತಾರೆ. ಮೊದಲ 250 ಕಂಪನಿಗಳಿಗೆ ಈ ಮಾಹಿತಿಯನ್ನು 2025–26ರಿಂದ ಸ್ವಯಂಪ್ರೇರಣೆಯಿಂದ ಕೊಡಲು ಅವಕಾಶವಿದೆ. ನೀವು ಆ ಶೇ 2ರೊಳಗೆ ಬರದಿದ್ದರೂ ಗ್ರಾಹಕರು ಕೇಳಬಹುದು, ಕೇಳುತ್ತಾರೆ. ನಿಮ್ಮನ್ನು ಬಲವಂತ ಮಾಡುವುದು ಕಾನೂನಲ್ಲ, ಅವರು ಕೊಡುವ ಆರ್ಡರ್.

ನೂರು ಪ್ರಶ್ನೆಗಳಿಗೂ ಒಂದೇ ತೂಕದ ಉತ್ತರ ಬರೆಯಲು ಕೂರಬೇಡಿ. ಅನ್ವಯಿಸದ್ದಕ್ಕೆ ‘ಅನ್ವಯಿಸುವುದಿಲ್ಲ’ ಎಂದು ಕಾರಣ ಸಮೇತ ಬರೆಯಿರಿ.

ಫೌಂಡ್ರಿಗೆ ಹಾಗಾದರೆ ಯಾವುವು ಮುಖ್ಯ?

ಕಚೇರಿಯಲ್ಲಿ ಕುಳಿತು ಪಟ್ಟಿ ಮಾಡುವ ಮೊದಲು ಶೆಡ್ಡಿನೊಳಗೆ ಒಂದು ಪಾಳಿ ನಿಂತು ನೋಡಿ. ಲೋಹ ಗಟ್ಟಿಯಾದ ಮೇಲೆ ಅಚ್ಚು ಒಡೆಯುವ ಜಾಗದಲ್ಲಿ ಬಿಸಿ ಮರಳು ಕುಸಿಯುತ್ತದೆ, ಧೂಳು ಏಳುತ್ತದೆ. ಮೇಲಿನ ತಗಡಿನ ಸಂದಿನಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಆ ಧೂಳು ನಿಂತೇ ಇರುತ್ತದೆ, ಕೆಳಗಿಳಿಯುವುದಿಲ್ಲ. ಕೆಲಸಗಾರ ಮೂಗಿಗೆ ಕಟ್ಟಿಕೊಂಡಿರುವುದು ಟವೆಲ್. ಮರಳಿನ ಸಿಲಿಕಾ ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಬಂದ ಮೇಲೆ ಗುಣವಾಗುವ ರೋಗವಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಅದು ಅಧಿಕಾರಿಗಳಿಗೆ ತಿಳಿಸಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಯಾವ ಶೇಕಡಾವಾರು ಲೆಕ್ಕಕ್ಕೂ ಕಾಯದೆ ಇದನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಿರಿ. ಹಾನಿ ಎಷ್ಟು ತೀವ್ರ, ಎಷ್ಟು ಜನರಿಗೆ, ಸರಿಪಡಿಸಲು ಸಾಧ್ಯವೇ ಎಂಬ ಮೂರು ಪ್ರಶ್ನೆಗಳಿಂದ ಪರಿಣಾಮವನ್ನು ಅಳೆಯಬೇಕು ಎಂದು ಜಿಆರ್‌ಐ ಹೇಳುತ್ತದೆ. ಸಿಲಿಕೋಸಿಸ್‌ಗೆ ಮೂರನೆಯದರ ಉತ್ತರ ‘ಇಲ್ಲ’. ಜನರ ಮೇಲಿನ ಹಾನಿಯಲ್ಲಿ ಅದು ಅಪರೂಪ ಎಂಬ ಸಮಾಧಾನಕ್ಕಿಂತ ಅದರ ತೀವ್ರತೆಗೇ ಹೆಚ್ಚು ತೂಕ.

ಎರಡನೆಯದು ವಿದ್ಯುತ್. ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು 600 ಯೂನಿಟ್ ಆಸುಪಾಸು ಬೇಕು. ದೇಶದ ವಿದ್ಯುತ್ ಜಾಲದಲ್ಲಿ ಪ್ರತಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಟನ್ನಿಗೆ 420 ಕೆ.ಜಿ. ಆಯಿತು. ನಿಮ್ಮ ಮೆಸ್ಕಾಂ ಬಿಲ್ಲೇ ಇದಕ್ಕೆ ದಾಖಲೆ. ಇದಕ್ಕಾಗಿ ಸಲಹೆಗಾರರನ್ನು ಹಿಡಿಯಬೇಕಿಲ್ಲ. ಗ್ರಾಹಕ ಕೇಳುವ ಸಂಖ್ಯೆಯೂ ಇದೇ, ನಿಮ್ಮ ಲಾಭ ತಿನ್ನುವ ಖರ್ಚೂ ಇದೇ.

ಮೂರನೆಯದು ಹಿತ್ತಲಿನ ಬಳಸಿದ ಮರಳಿನ ಗುಡ್ಡೆ. ಮಲೆನಾಡಿನ ಮಳೆಗಾಲದಲ್ಲಿ ಅದು ಅಲ್ಲೇ ಇರುವುದಿಲ್ಲ. ಎಲ್ಲಿ ಹೋಗುತ್ತದೆ ಎಂದು ಜುಲೈನಲ್ಲಿ ಒಮ್ಮೆ ನಡೆದು ನೋಡಿ.

ಕುಡಿಯುವ ನೀರಿನ ಘಟಕ, ಹಬ್ಬದ ಆಚರಣೆ, ಕಚೇರಿಯ ಕಾಗದದ ಬಳಕೆ? ಬಿಡಬಹುದು.

ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳನ್ನು ಬರೆದರೆ ಸಾಲದೇ?

ಸಾಲದು. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಖರ್ಚು ಮಾಡುವ ಶೇ 2, ಲಾಭ ಬಂದ ಮೇಲೆ ಕೊಡುವುದು. ಮಹತ್ವದ ಪ್ರಶ್ನೆ ಇರುವುದು ಆ ಲಾಭ ಹೇಗೆ ಬಂತು ಎಂಬುದರಲ್ಲಿ.

ನಮ್ಮದು ಅಡಿಕೆ ಬೆಳೆಗಾರರ ಸಹಕಾರ ಸಂಘ. ಲೆಕ್ಕ ಮಾರ್ಚ್‌ಗೆ ಮುಗಿಯುತ್ತದೆ, ಕೊಳೆ ರೋಗ ಬರುವುದು ಮಳೆಗಾಲದಲ್ಲಿ. ಅದನ್ನು ಬರೆಯಬೇಕೇ?

ಬಿಆರ್‌ಎಸ್‌ಆರ್ ನಿಮಗೆ ಅನ್ವಯಿಸುವುದಿಲ್ಲ. ಆದರೂ ಬರೆಯಬೇಕು, ಏಕೆಂದರೆ ನಿಮ್ಮ ಓದುಗ ನಿಮ್ಮ ಸದಸ್ಯನೇ. ಮಾರ್ಚ್ 31ರ ನಂತರ ಹೊಸದಾಗಿ ನಡೆದ ಘಟನೆಗೆ ಆ ವರ್ಷದ ಅಂಕಿಗಳನ್ನು ತಿದ್ದಬೇಕಿಲ್ಲ. ಆದರೆ ಸಂಘದ ಸ್ಥಿತಿಯನ್ನು ಗಣನೀಯವಾಗಿ ತಟ್ಟುವಂಥದ್ದಾದರೆ, ಲೆಕ್ಕವನ್ನು ಒಪ್ಪುವ ಹೊತ್ತಿಗೆ ಅದನ್ನು ತಿಳಿಸಲೇಬೇಕು. ಜೂನ್‌ನಿಂದ ಬಿಡದೆ ಮಳೆ ಹಿಡಿದು, ಬೋರ್ಡೋ ದ್ರಾವಣ ಹೊಡೆಯಲು ಹೊಳವಾಗದೆ, ಹಸಿರು ಕಾಯಿ ಉದುರಿ ತೋಟದ ನೆಲ ಮುಚ್ಚಿದ್ದರೆ, ಬೆಳೆ ಸಾಲದ ವಸೂಲಿ, ಮುಂದಿನ ಆವಕ, ಕಮಿಷನ್ ಮೂರೂ ಕುಸಿಯುತ್ತವೆ. ಸೆಪ್ಟೆಂಬರ್‌ನ ಮಹಾಸಭೆಗೆ ಬರುವ ಸದಸ್ಯ ತನ್ನ ತೋಟದಲ್ಲಿ ಅದನ್ನು ಕಂಡೇ ಬಂದಿರುತ್ತಾನೆ. ವರದಿಯಲ್ಲಿ ಅದರ ಸುಳಿವೇ ಇಲ್ಲದಿದ್ದರೆ ಉಳಿದ ಅಂಕಿಗಳನ್ನು ಅವನು ಏಕೆ ನಂಬಬೇಕು?

ಎಲೆ ಚುಕ್ಕಿ ರೋಗದ ವಿಷಯ ಇನ್ನೂ ಗಂಭೀರ. ಕೊಳೆ ಒಂದು ವರ್ಷದ ಬೆಳೆ ತಿಂದರೆ, ಎಲೆ ಚುಕ್ಕಿ ಮರದ ಶಕ್ತಿಯನ್ನೇ ಕುಂದಿಸುತ್ತದೆ. ಯಾವ ಊರುಗಳಲ್ಲಿ ಹರಡಿದೆ, ಆ ಊರುಗಳಿಗೆ ಎಷ್ಟು ಸಾಲ ಹೋಗಿದೆ ಎಂಬ ಒಂದು ಕೋಷ್ಟಕ ಸಾಕು. ಹತ್ತು ಪುಟದ ಪರಿಸರ ಪ್ರಬಂಧಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಅಡಿಕೆ ಮತ್ತು ಆರೋಗ್ಯದ ಪ್ರಶ್ನೆಯನ್ನು ನಾವೇ ಎತ್ತಬೇಕೇ? ಬೆಳೆಗಾರರಿಗೆ ತೊಂದರೆಯಾಗುವುದಿಲ್ಲವೇ?

ಎತ್ತಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂಬ ಮೊದಲ ಗುಂಪಿಗೆ ಸೇರಿಸಿದೆ. ಈ ಜಿಲ್ಲೆಯ ಸಾವಿರಾರು ಮನೆಗಳ ಅನ್ನ ಅಡಿಕೆಯಿಂದ ಬರುತ್ತದೆ, ಹಾಗಾಗಿ ಇದನ್ನು ಬರೆಯುವುದು ನನಗೂ ಹಗುರವಾದ ಕೆಲಸವಲ್ಲ. ಆದರೆ ಇಮ್ಮುಖದ ಎರಡೂ ಕಡೆಯಿಂದ ಇದು ಮಹತ್ವದ್ದು: ತಿನ್ನುವವರ ಆರೋಗ್ಯದ ಕಡೆಯಿಂದ, ಮತ್ತು ನಿಯಮ ಬಿಗಿಯಾದರೆ ಕುಸಿಯಬಹುದಾದ ದರದ ಕಡೆಯಿಂದ. ಬರೆಯುವುದೆಂದರೆ ಬೆಳೆಗಾರನನ್ನು ಅಪರಾಧಿ ಮಾಡುವುದಲ್ಲ. ಒಂದೇ ಬೆಳೆಯ ಮೇಲೆ ಎಷ್ಟು ಅವಲಂಬನೆ ಇದೆ, ಕಾಳುಮೆಣಸು, ಏಲಕ್ಕಿ, ಕೋಕೋದಂಥ ಉಪಬೆಳೆಗೆ ಸಂಘ ಏನು ಮಾಡುತ್ತಿದೆ ಎಂದು ಸದಸ್ಯನಿಗೆ ನೇರವಾಗಿ ತಿಳಿಸುವುದು. ಅಪಾಯ ತಿಳಿದೂ ಸುಮ್ಮನಿದ್ದ ಸಂಘ, ಹೊಸದಾಗಿ ತೋಟ ಎಬ್ಬಿಸಲು ಸಾಲ ಮಾಡುತ್ತಿರುವ ಯುವ ಸದಸ್ಯನಿಗೆ ಅನ್ಯಾಯ ಮಾಡುತ್ತದೆ.

ಯುರೋಪಿಗೆ ಹೋಗುವ ಕಾಫಿಗೆ ತೋಟದ ನಕ್ಷೆ ಕೇಳುತ್ತಿದ್ದಾರೆ. ಇದೂ ಇದಕ್ಕೆ ಸೇರಿದ್ದೇ?

ಸಂಬಂಧವಿದೆ. 2023ರ ಯುರೋಪಿನ ಅರಣ್ಯನಾಶ ತಡೆ ನಿಯಮ ಕಾಫಿ, ಕೋಕೋ, ರಬ್ಬರ್, ಮರ, ಸೋಯಾ, ತಾಳೆ ಎಣ್ಣೆ, ದನ ಈ ಏಳಕ್ಕೆ ಅನ್ವಯಿಸುತ್ತದೆ. ಅಡಿಕೆ ಆ ಪಟ್ಟಿಯಲ್ಲಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಬೆಳೆ ಅಲ್ಲಿಗೆ ಹೋಗುವಂತಿಲ್ಲ. ನಾಲ್ಕು ಹೆಕ್ಟೇರ್‌ಗಿಂತ ದೊಡ್ಡ ತೋಟಕ್ಕೆ ಗಡಿಯ ನಕ್ಷೆ ಬೇಕು, ಸಣ್ಣದಕ್ಕೆ ಒಂದು ಬಿಂದು ಸಾಕು. ಜಾರಿಯ ದಿನಾಂಕ ಮುಂದೆ ಹೋಗಿದೆ, ಷರತ್ತು ಹೋಗಿಲ್ಲ. ಬೆಳೆ ಸ್ಥಳೀಯ ಕಾನೂನಿಗೆ ಅನುಗುಣವಾಗಿರಬೇಕು ಎಂಬ ಮಾತೂ ಅದರಲ್ಲಿರುವುದರಿಂದ, ಬಗರ್ ಹುಕುಂ ಅರ್ಜಿ ಇತ್ಯರ್ಥವಾಗದೆ ಕುಳಿತಿರುವ ಸಣ್ಣ ಬೆಳೆಗಾರನಿಗೆ ಇದು ಭಾರವಾಗಬಹುದು. ಕೊಳ್ಳುವ ಕಂಪನಿ ಅಂಥವರನ್ನು ಸದ್ದಿಲ್ಲದೆ ಪಟ್ಟಿಯಿಂದ ಕೈಬಿಟ್ಟರೆ, ಆ ಕೈಬಿಟ್ಟದ್ದೇ ಅದು ತನ್ನ ವರದಿಯಲ್ಲಿ ಬರೆಯಬೇಕಾದ ಪರಿಣಾಮ.

ಯಾವುದು ಮುಖ್ಯ ಎಂದು ಯಾರನ್ನು ಕೇಳಬೇಕು?

ಆನ್‌ಲೈನ್ ಸಮೀಕ್ಷೆ ಮಾಡಿ, ಉತ್ತರ ಕೊಟ್ಟವರಲ್ಲಿ ಮುಕ್ಕಾಲು ಪಾಲು ಸಿಬ್ಬಂದಿಯೇ ಇದ್ದು, ‘ಸಂಬಂಧಪಟ್ಟ ಎಲ್ಲರನ್ನೂ ಕೇಳಿದ್ದೇವೆ’ ಎಂದು ಬರೆಯುವ ಪದ್ಧತಿ ಬೆಳೆದಿದೆ. ಅದರಲ್ಲಿ ನನಗೆ ನಂಬಿಕೆಯಿಲ್ಲ. ಗುತ್ತಿಗೆ ಕಾರ್ಮಿಕರನ್ನು ಗುತ್ತಿಗೆದಾರನ ಎದುರು ಕೇಳಬೇಡಿ. ಕಾರ್ಖಾನೆಯ ಕೆಳಭಾಗದಲ್ಲಿ ಗದ್ದೆ ಇರುವವರನ್ನು ಅವರ ಗದ್ದೆಯ ಬದುವಿನಲ್ಲಿಯೇ ಕೇಳಿ. ಗ್ರಾಮ ಪಂಚಾಯಿತಿಗೆ ಬಂದ ದೂರುಗಳ ಕಡತ ನೋಡಿ. ಕನ್ನಡದಲ್ಲಿ ಕೇಳಿ, ಅವರು ಹೇಳಿದ್ದನ್ನು ಕನ್ನಡದಲ್ಲಿಯೇ ಬರೆದುಕೊಳ್ಳಿ, ಏನು ಮಾಡಿದಿರಿ ಎಂದು ಮರಳಿ ಹೋಗಿ ತಿಳಿಸಿ. ಹೆಚ್ಚು ಜನ ಹೇಳಿದ್ದೇ ಹೆಚ್ಚು ಮುಖ್ಯ ಎಂದೂ ಇಲ್ಲ. ಅಚ್ಚು ಒಡೆಯುವ ಜಾಗದಲ್ಲಿ ನಾಲ್ಕೇ ಜನ ಇರಬಹುದು.

ಮಹತ್ವದ ವಿಷಯಗಳನ್ನು ಚೌಕದಲ್ಲಿ ಚುಕ್ಕೆಗಳಾಗಿ ತೋರಿಸುವ ಚಿತ್ರ ಕಡ್ಡಾಯವೇ?

ಅಲ್ಲ. ಚುಕ್ಕೆ ಏಕೆ ಅಲ್ಲಿದೆ ಎಂಬ ಕಾರಣ ಬರೆಯುವುದು ಮುಖ್ಯ.

ಸುಸ್ಥಿರತೆ ವರದಿ ಒಂದು ಹೇಳಿ, ಲೆಕ್ಕಪತ್ರ ಇನ್ನೊಂದು ಹೇಳಿದರೆ?

ಓದುಗ ಎರಡನ್ನೂ ನಂಬುವುದಿಲ್ಲ, ನಂಬಬಾರದು. ‘ಮೂರು ವರ್ಷದಲ್ಲಿ ಹಳೆಯ ಕುಲುಮೆ ತೆಗೆದು ಹೊಸದು ಹಾಕುತ್ತೇವೆ’ ಎಂದು ಒಂದು ಕಡೆ ಇರುತ್ತದೆ. ಇನ್ನೊಂದು ಕಡೆ ಅದೇ ಹಳೆಯ ಕುಲುಮೆಗೆ ಇನ್ನೂ ಹತ್ತು ವರ್ಷದ ಆಯುಷ್ಯವೆಂದು ಲೆಕ್ಕ ಹಾಕಿ ಸವಕಳಿ ಬರೆದಿರುತ್ತಾರೆ. ಎರಡರಲ್ಲಿ ಒಂದು ಸುಳ್ಳು. ಯಂತ್ರದ ಆಯುಷ್ಯದ ಅಂದಾಜನ್ನು ಪ್ರತಿ ವರ್ಷದ ಕೊನೆಗೆ ಮರುಪರಿಶೀಲಿಸಬೇಕೆಂದು ಲೆಕ್ಕಪತ್ರ ಮಾನದಂಡವೇ ಹೇಳುತ್ತದೆ. ಮಾತು ನಿಜವಾದರೆ ಸವಕಳಿ ಹೆಚ್ಚಬೇಕು, ಲಾಭ ಇಳಿಯಬೇಕು. ಎರಡೂ ವರದಿಗಳನ್ನು ಬೇರೆ ಬೇರೆ ವಿಭಾಗದವರು ಬರೆಯುವಲ್ಲಿ ಇಂಥದ್ದು ಹೆಚ್ಚು. ಮುದ್ರಣಕ್ಕೆ ಕಳುಹಿಸುವ ಮುನ್ನ ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಪ್ರತಿ ಭರವಸೆಯ ಎದುರು ‘ಇದಕ್ಕೆ ದುಡ್ಡು ಎಲ್ಲಿ ತೋರಿಸಿದ್ದೀರಿ’ ಎಂದು ಕೇಳಿ.

ಒಮ್ಮೆ ಮಾಡಿದ ಪಟ್ಟಿ ಎಷ್ಟು ವರ್ಷ ನಡೆಯುತ್ತದೆ?

ಪ್ರತಿ ವರ್ಷ ಮರಳಿ ನೋಡಬೇಕು. ಹೊಸ ಶೆಡ್ ಕಟ್ಟಿದರೆ, ಹೊಸ ಗ್ರಾಹಕ ಬಂದರೆ, ಅಪಘಾತವಾದರೆ, ಊರಿನಿಂದ ಹೊಸ ದೂರು ಬಂದರೆ ವರ್ಷ ತುಂಬುವವರೆಗೂ ಕಾಯಬೇಡಿ. ಹಿಂದಿನ ವರ್ಷ ಇದ್ದ ವಿಷಯವನ್ನು ಈ ವರ್ಷ ತೆಗೆದಿದ್ದರೆ, ಏಕೆ ತೆಗೆದಿರಿ ಎಂದು ಅದೇ ಪುಟದಲ್ಲಿ ಬರೆಯಿರಿ.